ತೋಟದ ಜೀಪಿನ ಗೇರ್ ಎಣ್ಣೆ: ನೋಡುವ ಹಾಗೂ ತುಂಬುವ ಕ್ರಮ

ಜೀಪು ಇಟ್ಟುಕೊಂಡಿರುವ ರೈತರಲ್ಲಿ ಬಹುಮಂದಿ ಎಂಜಿನ್ ಎಣ್ಣೆಯನ್ನು ತಪ್ಪದೆ ನೋಡುತ್ತಾರೆ. ಬಾನೆಟ್ ಎತ್ತಿ, ಅಳತೆ ಕಡ್ಡಿ ಎಳೆದು ಒರೆಸಿ ನೋಡುವುದು ಅಭ್ಯಾಸವಾಗಿರುತ್ತದೆ. ಆದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುವ ಭಾಗಗಳಿಗೆ ಹಳೆಯ ಜೀಪಿನಲ್ಲಿ ಅಳತೆ ಕಡ್ಡಿ ಇಲ್ಲ. ಅವು ವಾಹನದ ಅಡಿಯಲ್ಲಿ ಕೆಸರು ಮೆತ್ತಿಕೊಂಡು ಮರೆಯಾಗಿರುತ್ತವೆ. ಅವುಗಳಲ್ಲಿ ಎಣ್ಣೆ ಬತ್ತಿದರೆ ಚಾಲಕನ ಮುಂದೆ ಯಾವ ದೀಪವೂ ಹೊತ್ತುವುದಿಲ್ಲ. ಹಲ್ಲುಚಕ್ರಗಳು ಊಳಿಡಲು ತೊಡಗಿದಾಗಲೇ ವಿಷಯ ತಿಳಿಯುವುದು. ಆ ವೇಳೆಗೆ ಹಾನಿ ಆಗಿಹೋಗಿರುತ್ತದೆ. ಟೊಮೇಟೊ ಹೇರಿಕೊಂಡು ನಸುಕಿನಲ್ಲಿ ಮಾರುಕಟ್ಟೆಗೆ ಹೊರಟ ಜೀಪು ದಾರಿಯಲ್ಲಿ ಕಚ್ಚಿಕೊಂಡು ನಿಂತರೆ ಕ್ರೌನ್–ಪಿನಿಯನ್ ಬೆಲೆಯ ಜೊತೆಗೆ ಆ ದಿನದ ಕೊಯ್ಲೂ ನಷ್ಟ. ಅರ್ಧ ಲೀಟರ್ ಎಣ್ಣೆಯಿಂದ ತಪ್ಪಿಸಬಹುದಾಗಿದ್ದ ನಷ್ಟವಿದು.

ಬೆಂಗಳೂರಿನ ಪೂರ್ವ ಭಾಗಕ್ಕೂ ಜೀಪಿಗೂ ಹಳೆಯ ನಂಟು. 1809ರಲ್ಲಿ ದಂಡು ಸ್ಥಾಪನೆಯಾದಂದಿನಿಂದ ಇದು ಸೈನ್ಯದ ನೆಲೆ. ಸೇನಾ ವಾಹನಗಳ ದುರಸ್ತಿಗೆ ಸಂಬಂಧಿಸಿದ 515ನೆಯ ಸೇನಾ ಕಾರ್ಯಾಗಾರ ಇರುವುದು ಹಲಸೂರಿನಲ್ಲಿಯೇ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪನ್ನು ಮಹೀಂದ್ರ ಸಂಸ್ಥೆಯವರು 1947ರಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿದರು. ಸೇನೆ ವಿಲೇವಾರಿ ಮಾಡಿದ ಇಂತಹ ಗಾಡಿಗಳು ಕೈಯಿಂದ ಕೈಗೆ ದಾಟಿ ತೋಟಗಳನ್ನು ಸೇರಿದವು. ಅವುಗಳ ಬಿಡಿಭಾಗ ಹುಡುಕುವವರು ಈಗಲೂ ಶಿವಾಜಿನಗರದ ಗುಜರಿ ಅಂಗಡಿಗಳ ಕಡೆಗೆ ನಡೆಯುತ್ತಾರೆ. ಗಾಡಿ ಕೈಸೇರಿದರೂ ಅದರ ಕೈಪಿಡಿ ಸೇರಿರುವುದಿಲ್ಲ ಎಂಬುದೇ ತೊಡಕು.

ಎಣ್ಣೆ ಇರುವ ಜಾಗಗಳು

ನಾಲ್ಕು ಚಕ್ರಕ್ಕೂ ಚಾಲನೆಯಿರುವ ಜೀಪಿನಲ್ಲಿ ಗೇರ್ ಪೆಟ್ಟಿಗೆ, ಅದರ ಬೆನ್ನಿಗಂಟಿದ ಟ್ರಾನ್ಸ್‌ಫರ್ ಕೇಸ್, ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್ ಎಂಬ ನಾಲ್ಕು ಎಣ್ಣೆ ಪಾತ್ರೆಗಳಿವೆ. ಇವಲ್ಲದೆ ಹಳೆಯ ಮಾದರಿಗಳಲ್ಲಿ ಮುಂದಿನ ಚಕ್ರಗಳ ಒಳಬದಿಗೆ, ಚಕ್ರ ತಿರುಗುವ ಕಡೆ, ಗುಂಡಗಿನ ಮುಚ್ಚಿದ ಕೀಲುಗಳಿರುತ್ತವೆ. ಅವಕ್ಕೂ ಪ್ರತ್ಯೇಕ ಬಿರಡೆಯುಂಟು. ಮುಂದಿನ ಅಚ್ಚಿನ ಒಳಸೀಲು ಸವೆದರೆ ಡಿಫರೆನ್ಷಿಯಲ್ಲಿನ ಎಣ್ಣೆ ಈ ಗುಂಡಿಗೆ ಹರಿದು, ಅಲ್ಲಿಂದ ಹೊರಗೆ ಸೋರುತ್ತದೆ. ಗುಂಡು ಸದಾ ಜಿಡ್ಡಾಗಿದ್ದರೆ ಕಾರಣವನ್ನು ಅಚ್ಚಿನೊಳಗೆ ಹುಡುಕಬೇಕು.

ಮಟ್ಟ ನೋಡುವ ಕ್ರಮ

ಜೀಪನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ತಂದು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಒಂದು ಪಕ್ಕ ಜಾಕ್ ಕೊಟ್ಟು ಎತ್ತಿದರೆ ಮಟ್ಟ ತಪ್ಪಾಗಿ ತೋರುತ್ತದೆ. ಜಾಕ್ ಒಂದನ್ನೇ ನಂಬಿ ಅಡಿಗೆ ತೂರುವುದು ಪ್ರಾಣಕ್ಕೇ ಅಪಾಯ. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹತ್ತು ನಿಮಿಷ ಬಿಟ್ಟರೆ ಗೋಡೆಗೆ ಹತ್ತಿದ ಎಣ್ಣೆ ಇಳಿದು ತಳ ಸೇರುತ್ತದೆ. ಬಳಿಕ ಬಿರಡೆಯ ಸುತ್ತಣ ಮಣ್ಣನ್ನು ತಂತಿ ಬ್ರಷ್ಷಿನಿಂದ ಕೆರೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಬೇಕು. ಬಿರಡೆ ತೆಗೆದಾಗ ಒಳಗೆ ಉದುರಿದ ಚಿಟಿಕೆ ಮರಳು ಬೇರಿಂಗಿಗೆ ಸಾಣೆಕಲ್ಲಿನಂತೆ ಕೆಲಸ ಮಾಡುತ್ತದೆ.

ಪ್ರತಿ ಪಾತ್ರೆಗೂ ಸಾಮಾನ್ಯವಾಗಿ ಎರಡು ಬಿರಡೆ: ಪಕ್ಕದಲ್ಲಿ ತುಂಬುವುದು, ತಳದಲ್ಲಿ ಬಸಿಯುವುದು. ಎಣ್ಣೆ ಬದಲಾಯಿಸುವಾಗ ಮೊದಲು ತೆಗೆಯಬೇಕಾದದ್ದು ತುಂಬುವ ಬಿರಡೆ. ಇದನ್ನು ತಿರುವುಮುರುವು ಮಾಡಿ ಪೇಚಿಗೆ ಸಿಕ್ಕವರು ಕಡಿಮೆಯಲ್ಲ. ತಳದ ಬಿರಡೆ ಸುಲಭವಾಗಿ ಬಿಚ್ಚಿಕೊಂಡು ಎಣ್ಣೆಯೆಲ್ಲ ಸುರಿದ ಮೇಲೆ, ವರ್ಷಗಳಿಂದ ತುಕ್ಕು ಹಿಡಿದ ಮೇಲಿನ ಬಿರಡೆ ಅಲುಗದಿದ್ದರೆ ಜೀಪು ಇದ್ದಲ್ಲೇ ಉಳಿಯುತ್ತದೆ. ಮೇಲಿನ ಬಿರಡೆ ಬಿಗಿಯಾಗಿದ್ದರೆ ಹಿಂದಿನ ರಾತ್ರಿಯೇ ಅದರ ಸುತ್ತ ತೆಳು ಎಣ್ಣೆ ಬಿಟ್ಟಿರಬೇಕು. ಅಳತೆಗೆ ಸರಿಯಾದ ಪಾನಾ ಇಲ್ಲದೆ ಉಳಿಯಿಟ್ಟು ಹೊಡೆದರೆ ಮೂಲೆಗಳು ದುಂಡಾಗಿ ಮುಂದೆ ಯಾವ ಪಾನಾವೂ ಹಿಡಿಯದು.

ಬಿರಡೆ ತೆಗೆದು ಕಿರುಬೆರಳನ್ನು ಒಳಗೆ ತೂರಿಸಿ ಕೆಳಕ್ಕೆ ಬಗ್ಗಿಸಬೇಕು. ಎಣ್ಣೆ ತೂತಿನ ಕೆಳಅಂಚಿಗೆ ಸಮನಾಗಿದ್ದರೆ ಮಟ್ಟ ಸರಿಯಾಗಿದೆ. ಬೆರಳಿಗೆ ತಗುಲದಿದ್ದರೆ ತುಂಬಬೇಕು. ಬಿರಡೆ ತೆಗೆದ ಕೂಡಲೇ ಎಣ್ಣೆ ಧಾರೆಯಾಗಿ ಹೊರಬಂದರೆ ಸಂತೋಷಪಡಬೇಕಾಗಿಲ್ಲ. ಯಾರೋ ಹೆಚ್ಚು ತುಂಬಿದ್ದಾರೆ, ಇಲ್ಲವೇ ನೀರು ಸೇರಿದೆ, ಅಥವಾ ಪಕ್ಕದ ಪಾತ್ರೆಯಿಂದ ಹರಿದು ಬಂದಿದೆ. ಗೇರ್ ಪೆಟ್ಟಿಗೆಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಇರುವುದು ಒಂದು ಸೀಲು ಮಾತ್ರ. ಅದು ಸವೆದರೆ ಒಂದು ಬತ್ತಿ ಇನ್ನೊಂದು ತುಂಬುತ್ತದೆ. ಕೆಲವು ಗಾಡಿಗಳಲ್ಲಿ ಎರಡಕ್ಕೂ ಎಣ್ಣೆ ಹರಿದಾಡಲೆಂದೇ ದಾರಿ ಬಿಟ್ಟಿರುತ್ತಾರೆ. ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಬಿಡುವಂತಿಲ್ಲ.

ಎಣ್ಣೆ ತಿಳಿಸುವ ವಿಷಯ

ಬೆರಳಿಗೆ ಅಂಟಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ಹಳೆಯ ಎಣ್ಣೆ ಕಪ್ಪಾಗಿರುವುದು ಸಹಜ. ಹಾಲು ಬೆರೆಸಿದ ಕಾಫಿಯಂತಿದ್ದರೆ ಅದರಲ್ಲಿ ನೀರಿದೆ. ಅನುಮಾನವಿದ್ದಲ್ಲಿ, ಅಡುಗೆಗೆ ಬಳಸದ ಹಳೆಯ ಕಬ್ಬಿಣದ ಹಂಚನ್ನು ಕಾಯಿಸಿ ಒಲೆಯಿಂದ ಕೆಳಗಿಳಿಸಿ, ಅದರ ಮೇಲೆ ಎರಡು ಹನಿ ಬಿಡಬೇಕು. ನೀರಿದ್ದರೆ ಚಟಪಟನೆ ಸಿಡಿಯುತ್ತದೆ, ಮುಖವನ್ನು ದೂರವಿಟ್ಟುಕೊಳ್ಳಬೇಕು. ಬಸಿದ ಎಣ್ಣೆಯಲ್ಲಿ ಹಳದಿ ಮಿನುಗು ಕಂಡರೆ ಹಿತ್ತಾಳೆಯ ಉಂಗುರ ಅಥವಾ ಬುಷ್ ಸವೆಯುತ್ತಿದೆ ಎಂದು ತಿಳಿಯಬೇಕು. ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪುಡಿ ಅಂಟಿದರೆ ಗಾಬರಿಯಿಲ್ಲ. ಚೂರುಗಳು ಅಂಟಿದರೆ ಹಲ್ಲು ಮುರಿಯುತ್ತಿದೆ. ಎಣ್ಣೆ ಬದಲಾಯಿಸಿದ ಮಾತ್ರಕ್ಕೆ ಅದು ವಾಸಿಯಾಗದು, ಪೆಟ್ಟಿಗೆ ಬಿಚ್ಚಿಸಲೇಬೇಕು.

ಮುಚ್ಚಿದ ಕಬ್ಬಿಣದ ಪೆಟ್ಟಿಗೆಗೆ ನೀರು ಹೇಗೆ ಹೋಗುತ್ತದೆ? ಓಡಿ ಬಂದ ಜೀಪಿನ ಡಿಫರೆನ್ಷಿಯಲ್ ಬಿಸಿಯಾಗಿರುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ. ಆಗ ಬ್ರೀದರ್ ಎಂಬ ಉಸಿರುಗಂಡಿಯಿಂದ ಅಥವಾ ಸವೆದ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ಹಳ್ಳ ದಾಟುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿ ತಣಿಸುವುದು ಒಳ್ಳೆಯದು. ಉಸಿರುಗಂಡಿ ಕೆಸರಿನಿಂದ ಮುಚ್ಚಿದ್ದರೆ ತೊಂದರೆ ಬೇರೆ ಬಗೆಯದು. ಬಿಸಿಯಾದ ಗಾಳಿಗೆ ಹೊರದಾರಿಯಿಲ್ಲದೆ ಎಣ್ಣೆಯನ್ನು ಸೀಲಿನ ಮೂಲಕ ತಳ್ಳುತ್ತದೆ. ಅದು ಬ್ರೇಕ್ ಲೈನಿಂಗಿಗೆ ತಗುಲಿದರೆ ಬ್ರೇಕ್ ಹಿಡಿಯುವುದಿಲ್ಲ. ಮೆಕ್ಯಾನಿಕ್ ಸೀಲು ಬದಲಾಯಿಸಿದ ತಿಂಗಳಿಗೇ ಮತ್ತೆ ಸೋರಿದರೆ, ಅವನನ್ನು ಬೈಯುವ ಮುನ್ನ ಈ ಚಿಕ್ಕ ಗಂಡಿಯನ್ನು ಬಿಚ್ಚಿ ಊದಿ ನೋಡಬೇಕು.

ಯಾವ ಎಣ್ಣೆ?

ಡಬ್ಬಿಯ ಮೇಲಿನ 90 ಎಂಬ ಅಂಕಿ ನೋಡಿ, ಅದು ಎಂಜಿನ್ನಿನ 40ರ ಎಣ್ಣೆಗಿಂತ ಎರಡು ಪಟ್ಟು ದಪ್ಪವೆಂದು ಹಲವರು ನಂಬಿದ್ದಾರೆ. ಎರಡರ ಅಳತೆಗೋಲು ಬೇರೆ ಬೇರೆ. ಬಿಸಿಯಾದಾಗ 90ರ ಗೇರ್ ಎಣ್ಣೆಯ ಸ್ನಿಗ್ಧತೆ ಎಂಜಿನ್ನಿನ 40 ಅಥವಾ 50ರ ಎಣ್ಣೆಯಷ್ಟೇ. ಗೇರ್ ಎಣ್ಣೆಯ ವಿಶೇಷವೆಂದರೆ ಅದಕ್ಕೆ ಸೇರಿಸಿದ ಗಂಧಕ, ರಂಜಕಗಳ ಸಂಯುಕ್ತಗಳು. ಕ್ರೌನ್–ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರದಲ್ಲಿ ಜಾರುತ್ತ ಉಜ್ಜಿಕೊಳ್ಳುತ್ತವೆ. ಅಲ್ಲಿನ ಒತ್ತಡಕ್ಕೆ ಬರಿಯ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಈ ಸಂಯುಕ್ತಗಳು ಉಕ್ಕಿನ ಮೇಲೆ ಪದರ ಕಟ್ಟಿ ಕಾಯುತ್ತವೆ.

ಡಿಫರೆನ್ಷಿಯಲ್‌ಗೆ ಜಿ.ಎಲ್.-5 ಎಂದು ಗುರುತಿಸಿದ 90ರ ಎಣ್ಣೆ ತಕ್ಕದ್ದು. ಆದರೆ ಅದೇ ಸಂಯುಕ್ತಗಳು ಹೆಚ್ಚಾದರೆ ಹಿತ್ತಾಳೆ, ಕಂಚುಗಳನ್ನು ತಿನ್ನಬಲ್ಲವು. ಆದ್ದರಿಂದ ಹಿತ್ತಾಳೆ ಉಂಗುರಗಳಿರುವ ಗೇರ್ ಪೆಟ್ಟಿಗೆಗೆ ಜಿ.ಎಲ್.-4 ಎಣ್ಣೆಯೇ ಲೇಸು. ಎಲ್ಲದಕ್ಕೂ ಒಂದೇ ಡಬ್ಬಿ ಸಾಕೆಂಬ ಅಂಗಡಿಯವರ ಮಾತನ್ನು ಕೇಳಬಾರದು.

ಸದ್ದು ಮಾಡುವ ಪೆಟ್ಟಿಗೆಗೆ ಗ್ರೀಸ್ ತುಂಬುವ ಚಾಳಿಯೊಂದಿದೆ. ಗ್ರೀಸ್ ಹರಿಯುವುದಿಲ್ಲ. ಹಲ್ಲುಚಕ್ರ ಅದರಲ್ಲಿ ತನ್ನ ಅಗಲಕ್ಕೆ ಗಾಲಿಜಾಡು ಕೊರೆದುಕೊಂಡು ಒಣಗೇ ತಿರುಗುತ್ತದೆ. ಕೆಲದಿನ ಸದ್ದು ಅಡಗುವುದು ನಿಜ, ಬೇರಿಂಗ್ ಸುಡುವುದೂ ನಿಜ. ಹಳೆಯ ಜೀಪು ಕೊಳ್ಳುವವರು ತುಂಬುವ ಬಿರಡೆ ತೆಗೆಸಿ ಬೆರಳಿಟ್ಟು ನೋಡಿಯೇ ಮುಂಗಡ ಕೊಡುವುದು ಕ್ಷೇಮ.

ತುಂಬುವಾಗ ಎಣ್ಣೆ ಡಬ್ಬಿಯನ್ನು ಒಂದು ಗಂಟೆ ಬಿಸಿಲಿನಲ್ಲಿಟ್ಟರೆ ಸುಲಭವಾಗಿ ಹರಿಯುತ್ತದೆ. ಎರಡು ಮೊಳ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಗೆ ಆಲಿಕೆ ಕಟ್ಟಿ ಮೇಲೆ ಹಿಡಿದು, ಇನ್ನೊಂದು ತುದಿಯನ್ನು ತೂತಿಗೆ ಇಡಬೇಕು. ತೂತಿನಿಂದ ಎಣ್ಣೆ ತೊಟ್ಟಿಕ್ಕಲು ತೊಡಗಿದಾಗ ನಿಲ್ಲಿಸಿ, ತೊಟ್ಟು ನಿಂತ ಮೇಲೆ ಬಿರಡೆ ಹಾಕಬೇಕು. ಎರಕದ ಪೆಟ್ಟಿಗೆ ಬಿರುಕು ಬಿಡುವಷ್ಟು ಬಿಗಿಯಬಾರದು. ಮಟ್ಟವನ್ನು 1,500 ಕಿಲೋಮೀಟರಿಗೊಮ್ಮೆ ನೋಡಿ, 15,000 ಕಿಲೋಮೀಟರಿಗೊಮ್ಮೆ ಬದಲಾಯಿಸುವುದು ಹಳೆಯ ಜೀಪಿಗೆ ಹೊಂದುತ್ತದೆ. ಅಚ್ಚು ಮುಳುಗುವಷ್ಟು ನೀರಿಗೆ ಇಳಿದಿದ್ದರೆ ಲೆಕ್ಕ ನೋಡದೆ ಮರುದಿನವೇ ಪರೀಕ್ಷಿಸಬೇಕು.

ಪವರ್ ಟಿಲ್ಲರ್ ಮತ್ತು ಟ್ರ್ಯಾಕ್ಟರ್

1967ರಲ್ಲಿ ಆರಂಭವಾದ ವಿ.ಎಸ್.ಟಿ. ಸಂಸ್ಥೆಯ ಮೂಲಕ ಕೆ.ಆರ್. ಪುರದ ಬಳಿಯ ಮಹದೇವಪುರದ ಹೆಸರು ಪವರ್ ಟಿಲ್ಲರ್ ಕೊಂಡ ರೈತರಿಗೆಲ್ಲ ಪರಿಚಿತ. ಕೆಸರುಗದ್ದೆಯಲ್ಲಿ ದಿನವಿಡೀ ಅಚ್ಚಿನ ಸೀಲುಗಳು ನೀರಿನಲ್ಲೇ ಇರುವುದರಿಂದ, ನಾಟಿ ಮುಗಿದ ಕೂಡಲೇ ಟಿಲ್ಲರಿನ ಗೇರ್ ಎಣ್ಣೆಯ ಬಣ್ಣ ನೋಡಬೇಕು. ಹಾಲುಬಣ್ಣದ ಎಣ್ಣೆಯನ್ನು ಹಾಗೇ ಬಿಟ್ಟು ಮುಂದಿನ ಹಂಗಾಮಿನವರೆಗೆ ಮೂಲೆಗೆ ನಿಲ್ಲಿಸಿದರೆ ಒಳಗೆ ತುಕ್ಕು ಏಳುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್, ಹೈಡ್ರಾಲಿಕ್ ಲಿಫ್ಟ್ ಹಾಗೂ ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಒಂದೇ ಎಣ್ಣೆ. ಅವಕ್ಕೆ ಜೀಪಿನ ಗೇರ್ ಎಣ್ಣೆ ಸಲ್ಲದು. ತಯಾರಕರು ಹೇಳಿದ್ದನ್ನೇ ಹಾಕಬೇಕು.

ಬಸಿದ ಎಣ್ಣೆಯನ್ನು ಬಾವಿ, ಕಾಲುವೆ ಅಥವಾ ಹೊಲದ ಬದುವಿನ ಬಳಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಬೇಕು. ಬದಲಾಯಿಸಿದ ತಾರೀಖು, ಕಿಲೋಮೀಟರ್ ಮತ್ತು ಪ್ರತಿ ಪಾತ್ರೆಗೆ ಹಿಡಿಸಿದ ಲೀಟರುಗಳನ್ನು ಬಾನೆಟ್ಟಿನ ಒಳಬದಿಗೆ ಬಣ್ಣದಲ್ಲಿ ಬರೆದಿಟ್ಟರೆ ಕಳೆದುಹೋದ ಕೈಪಿಡಿಯ ಕೊರತೆ ಅಷ್ಟರಮಟ್ಟಿಗೆ ನೀಗುತ್ತದೆ.