ಸಾಲಪತ್ರಗಳ ಟ್ರಸ್ಟಿಗಳೂ ದಾಖಲೆಯ ಕರ್ತವ್ಯವೂ

ಹೊಸೂರು ರಸ್ತೆಯ ಸಿಂಗಸಂದ್ರಕ್ಕೆ ಸಮೀಪದ ಬೊಮ್ಮನಹಳ್ಳಿಯೂ ಸೇರಿದಂತೆ ಬೆಂಗಳೂರಿನ ಸುತ್ತಲಿನ ಎಂಟು ಪಟ್ಟಣಗಳ ನೀರು ಸರಬರಾಜಿಗಾಗಿ, 2005ರಲ್ಲಿ ಕರ್ನಾಟಕದ ಜಲ ಮತ್ತು ನೈರ್ಮಲ್ಯ ಸಂಯುಕ್ತ ನಿಧಿಯು 100 ಕೋಟಿ ರೂಪಾಯಿಗಳ ಬಾಂಡುಗಳನ್ನು ಹೊರಡಿಸಿತು. ಒಂದೊಂದು ಪಟ್ಟಣವೂ ತಾನಾಗಿ ಹಣದ ಪೇಟೆಗೆ ಹೋಗುವುದು ಕಷ್ಟವಾದುದರಿಂದ ಎಂಟೂ ಒಂದಾದುವು. ಸಾಲ ಕೊಡುವವರಲ್ಲಿಯೂ ಇಂತಹುದೇ ಅಶಕ್ತಿಯುಂಟು. ಹಲವೆಡೆ ಚದುರಿದ ಬಾಂಡುದಾರರು ಒಬ್ಬೊಬ್ಬರಾಗಿ ಸಾಲಗಾರನ ಲೆಕ್ಕವನ್ನು ಪರಿಶೀಲಿಸಲಾರರು. ಅವರೆಲ್ಲರ ಪರವಾಗಿ ಕಾವಲಿರತಕ್ಕವನೇ ಟ್ರಸ್ಟಿ. ಕಂಪನಿಗಳ ಸಾಲಪತ್ರಗಳಲ್ಲಿ ಈ ಕಾವಲು ದಾಖಲೆಗಳ ಮೂಲಕ ನಡೆಯುವ ಬಗೆಯನ್ನು ನಾವಿಲ್ಲಿ ವಿಚಾರಿಸೋಣ.

ಸಾರ್ವಜನಿಕರಿಗಾಗಲಿ, 500ಕ್ಕೆ ಮೀರಿದ ಸದಸ್ಯರಿಗಾಗಲಿ ಸಾಲಪತ್ರಗಳನ್ನು ನೀಡಹೊರಟ ಕಂಪನಿಯು ಮೊದಲೇ ಟ್ರಸ್ಟಿಯನ್ನು ನೇಮಿಸಬೇಕೆಂದು 2013ರ ಕಂಪನಿ ಕಾಯಿದೆಯ 71ನೆಯ ಪ್ರಕರಣವು ವಿಧಿಸುತ್ತದೆ. ಸಾರ್ವಜನಿಕ ನೀಡಿಕೆಯಲ್ಲಿ ಈ ಟ್ರಸ್ಟಿಯು ಸೆಬಿಯ 1993ರ ನಿಯಮಾವಳಿಯಂತೆ ನೋಂದಣಿ ಪಡೆದ ಸಂಸ್ಥೆಯಾಗಿರಬೇಕು.

ಆದರೆ ನೇಮಕದಿಂದಲೇ ಭದ್ರತೆ ದೊರೆಯದು. ಕಂಪನಿಯು ತನ್ನ ಕಾರ್ಖಾನೆಯನ್ನೋ ಭೂಮಿಯನ್ನೋ ಸಾಲಕ್ಕೆ ಅಡವಾಗಿ ಕೊಟ್ಟರೆ, 77ನೆಯ ಪ್ರಕರಣದಂತೆ ಆ ವಿವರವನ್ನು 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರರಲ್ಲಿ ದಾಖಲು ಮಾಡಿಸಬೇಕು. ತಡವಾದಲ್ಲಿ ಹೆಚ್ಚಿನ ಶುಲ್ಕ ತೆತ್ತು ಕಾಲಾವಕಾಶ ಬೇಡಬಹುದು, ಅದಕ್ಕೂ ಮಿತಿಯುಂಟು. ದಾಖಲಾಗದ ಅಡಮಾನವನ್ನು, ಕಂಪನಿಯು ಮುಚ್ಚುವ ಕಾಲದಲ್ಲಿ, ಲಿಕ್ವಿಡೇಟರನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಸಾಲವೇನೋ ಅಳಿಯದು, ಆದರೆ ಆಸ್ತಿಯ ಮೇಲಿನ ಮೊದಲ ಹಕ್ಕು ಕೈತಪ್ಪುತ್ತದೆ. ಅಡವನ್ನು ನಂಬಿ ಹಣ ಕೊಟ್ಟವನು ಅಡವಿಲ್ಲದೆ ಕೊಟ್ಟವನ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆ. ಒಂದು ಪತ್ರದ ಲೋಪದಿಂದ ಇಷ್ಟು ಹಾನಿ!

ಇಲ್ಲಿಯೇ ಟ್ರಸ್ಟಿಯ ಎಚ್ಚರವು ಬೇಕಾದುದು. ಕಂಪನಿಯು ದಾಖಲೆ ಸಲ್ಲಿಸದೆ ಹೋದರೆ, 78ನೆಯ ಪ್ರಕರಣದಂತೆ ಅಡಮಾನವನ್ನು ಪಡೆದವನೇ ರಿಜಿಸ್ಟ್ರಾರರಿಗೆ ಅರ್ಜಿ ಕೊಡಬಹುದು. ಶುಲ್ಕವನ್ನು ಕಂಪನಿಯಿಂದ ವಸೂಲು ಮಾಡಬಹುದು. ಆದುದರಿಂದ "ಕಂಪನಿಯು ಸಲ್ಲಿಸಲಿಲ್ಲ" ಎಂಬುದು ಟ್ರಸ್ಟಿಗೆ ಸಮಾಧಾನವಾಗಲಾರದು.

ದಾಖಲಾದ ಭದ್ರತೆಯೂ ಕಾಲಕ್ರಮದಲ್ಲಿ ಕುಗ್ಗಬಹುದಷ್ಟೆ. ಆ ಕಾರಣ, ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ನಮೂದಾದ ಭದ್ರ ಸಾಲಪತ್ರಗಳಿಗೆ ಆಸ್ತಿಯು ಸಾಕಷ್ಟಿದೆಯೇ ಎಂಬುದನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ ಪ್ರಕಟಪಡಿಸುವ ಕ್ರಮವನ್ನು ಸೆಬಿಯು ಏರ್ಪಡಿಸಿದೆ. ಅಸಲನ್ನು ತೀರಿಸಲು ಆಸ್ತಿಯು ಸಾಲದೆಂದು ಕಂಡುಬಂದರೆ ಟ್ರಸ್ಟಿಯು ನ್ಯಾಯಮಂಡಲಿಯ ಮೊರೆಹೊಕ್ಕು, ಕಂಪನಿಯು ಮತ್ತಷ್ಟು ಸಾಲ ಮಾಡದಂತೆ ನಿರ್ಬಂಧವನ್ನು ಕೇಳಬಹುದು. ತಕ್ಕ ಎಚ್ಚರ ವಹಿಸದ ಟ್ರಸ್ಟಿಯನ್ನು ಹೊಣೆಯಿಂದ ಬಿಡುಗಡೆ ಮಾಡುವ ಕರಾರು ನ್ಯಾಸಪತ್ರದಲ್ಲಿದ್ದರೂ ಸಾಮಾನ್ಯವಾಗಿ ಅದು ಅಸಿಂಧು.

ಹೀಗೆ, ಬರಿಯ ಗುಮಾಸ್ತೆಯ ಕೆಲಸವೆಂದು ತೋರುವ ಈ ದಾಖಲೆಗಳಲ್ಲಿಯೇ ಕಾಣದ ಸಾಲದಾತನ ಹಕ್ಕು ನೆಲಸಿದೆಯೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.