ಕೈ ಬಿಟ್ಟರೂ ಇಳಿಯದ ಎಕ್ಸಿಲರೇಟರ್

ಬೆಳಗ್ಗೆ ಶಾಲೆಯ ಹೊತ್ತಿಗೆ ಬೆಂಗಳೂರಿನ ಪುಲಿಕೇಶಿನಗರದ ಮಾಸ್ಕ್ ರೋಡ್‌ನಲ್ಲೋ ಕೋಲ್ಸ್ ರಸ್ತೆಯಲ್ಲೋ ನಿಂತು ನೋಡಿ. ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು, ಕೆಲಸಕ್ಕೆ ಹೊರಟವರು, ಕಾಲೇಜು ವಿದ್ಯಾರ್ಥಿನಿಯರು ಹೀಗೆ ಸ್ಕೂಟರ್ ಓಡಿಸುವ ಮಹಿಳೆಯರ ಸಾಲೇ ಕಾಣುತ್ತದೆ. ಫ್ರೇಜರ್ ಟೌನ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾದ ಈ ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗ್ ಬಳಿಕ, ಇಪ್ಪತ್ತನೇ ಶತಮಾನದ ಆರಂಭದಲ್ಲಿ. ಅಂದಿನ ರಸ್ತೆಗಳ ಮೇಲೆ ಇಂದಿನ ವಾಹನಗಳೆಲ್ಲ ಓಡಬೇಕು. ಇಂತಹ ಕಡೆ ಸ್ಕೂಟರ್ ನಮ್ಮ ಮಾತು ಕೇಳದಿದ್ದರೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ.

ಹೀಗಿದ್ದರೂ ಹಲವು ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: "ಎಕ್ಸಿಲರೇಟರ್ ಸ್ವಲ್ಪ ಹಿಡಿಯುತ್ತದೆ, ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಹಳೇ ಗಾಡಿ ಅಲ್ಲವೇ?" ಇದು ಗಾಡಿಯ ವಯಸ್ಸಿನ ಗುಣವಲ್ಲ, ಅಪಘಾತದ ಮುನ್ಸೂಚನೆ.

ಒಳಗೆ ನಡೆಯುವುದೇನು?

ನಾವು ಬಲಗೈ ಹಿಡಿ ತಿರುಗಿಸಿದಾಗ ಕೊಳವೆಯೊಳಗಿನ ಉಕ್ಕಿನ ತಂತಿಯೊಂದು ಎಳೆಯಲ್ಪಡುತ್ತದೆ. ಅದರ ಇನ್ನೊಂದು ತುದಿ ಕಾರ್ಬುರೇಟರ್‌ನಲ್ಲಿದೆ. ತಂತಿ ಎಳೆದಷ್ಟೂ ಅಲ್ಲಿನ ಬಾಗಿಲು ತೆರೆದು ಎಂಜಿನ್ ವೇಗ ಏರುತ್ತದೆ. ಕೈ ಬಿಟ್ಟಾಗ ಆ ಬಾಗಿಲನ್ನು ಮುಚ್ಚುವುದು ಒಂದು ಪುಟ್ಟ ಸ್ಪ್ರಿಂಗ್ ಮಾತ್ರ. ಹಿಡಿ, ಕೇಬಲ್, ಕಾರ್ಬುರೇಟರ್ ಈ ಮೂರರಲ್ಲಿ ಎಲ್ಲೇ ತಡೆಯಾದರೂ ಸ್ಪ್ರಿಂಗ್ ಸೋಲುತ್ತದೆ.

2020ರ ಎಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಸ್ಕೂಟರ್‌ಗಳಲ್ಲಿ ಕಾರ್ಬುರೇಟರ್ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದರೆ ಅವುಗಳಲ್ಲೂ ಹೆಚ್ಚಿನವಕ್ಕೆ ಕೇಬಲ್ ಇದ್ದೇ ಇದೆ.

ನಮ್ಮ ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನ್‌ಗಳಿಗೂ ಇದೇ ತೊಂದರೆಯಿದೆ. ಉಪ್ಪುನೀರು ಕುಡಿದ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತದೆ. ಆದರೆ ಅಂತಹ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಇರುತ್ತದೆ. ಗೇರಿಲ್ಲದ ಸ್ಕೂಟರ್‌ನಲ್ಲಿ ಕೈಯಿಂದ ಹಿಡಿಯುವ ಕ್ಲಚ್ಚೂ ಇಲ್ಲ, ನ್ಯೂಟ್ರಲ್ಲೂ ಇಲ್ಲ. ಎಂಜಿನ್ ವೇಗ ಏರಿದರೆ ಚಕ್ರ ತಿರುಗಲೇಬೇಕು.

ಮನೆಯಲ್ಲೇ ಪರೀಕ್ಷಿಸಿ

ಇದಕ್ಕೆ ಪಾನಾ, ಸ್ಕ್ರೂಡ್ರೈವರ್ ಯಾವುದೂ ಬೇಡ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ.

* ಹಿಡಿಯನ್ನು ಪೂರ್ತಿ ತಿರುಗಿಸಿ ಕೈ ಬಿಡಿ. ಅದು 'ಟಕ್' ಎಂದು ತಾನಾಗಿ ಹಿಂದಕ್ಕೆ ಬರಬೇಕು. ಹ್ಯಾಂಡಲ್ ನೇರವಿದ್ದಾಗ, ಪೂರ್ತಿ ಎಡಕ್ಕೆ ಮತ್ತು ಪೂರ್ತಿ ಬಲಕ್ಕೆ ತಿರುಗಿಸಿದಾಗ ಹೀಗೆ ಮೂರು ಬಾರಿ ನೋಡಿ. ಒಂದೇ ಬದಿಯಲ್ಲಿ ಸಿಕ್ಕಿಕೊಂಡರೆ ಕೇಬಲ್ ಎಲ್ಲೋ ಮಡಚಿದೆ ಅಥವಾ ಒತ್ತಿಕೊಂಡಿದೆ ಎಂದರ್ಥ.

* ಹಿಡಿಯ ರಬ್ಬರ್ ಸರಿದು ಹ್ಯಾಂಡಲ್‌ನ ತುದಿಗೋ ಸ್ವಿಚ್ಚಿನ ಪೆಟ್ಟಿಗೆಗೋ ಉಜ್ಜುತ್ತಿದೆಯೇ? ಅಂದಕ್ಕೆಂದು ಹಾಕಿಸಿದ ಗ್ರಿಪ್ ಕವರ್ ಕೂಡ ಹೀಗೆ ತಡೆಯಬಲ್ಲದು. ಅದನ್ನು ತೆಗೆದು ಮತ್ತೊಮ್ಮೆ ನೋಡಿ.

* ಹಿಂದಿನ ಬ್ರೇಕ್ ಹಿಡಿದು ಎಂಜಿನ್ ಚಾಲೂ ಮಾಡಿ. ಎಕ್ಸಿಲರೇಟರ್ ಕೊಡದೆ ಹ್ಯಾಂಡಲನ್ನು ಎರಡೂ ಬದಿಗೆ ತಿರುಗಿಸಿ. ಆಗ ಎಂಜಿನ್ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ. ಈ ಹೊತ್ತಿನಲ್ಲಿ ಮಕ್ಕಳು ಹತ್ತಿರ ಇರಬಾರದು.

* ಮೂರರಲ್ಲೂ ದೋಷ ಕಾಣದಿದ್ದರೂ ಓಡಿಸುವಾಗ ಸಿಕ್ಕಿಕೊಂಡರೆ ಕಾರ್ಬುರೇಟರ್ ಮೇಲೆ ಸಂಶಯಪಡಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗಿ ಅಂಟಿನಂತಹ ಪದರ ಉಳಿಯುತ್ತದೆ. ಅದನ್ನು ಬಿಚ್ಚಿ ತೊಳೆಯುವುದು ಮೆಕ್ಯಾನಿಕ್ ಕೆಲಸ.

ಗ್ಯಾರೇಜಿನಲ್ಲಿ "ಗಾಡಿ ಸರಿ ಇಲ್ಲ ಭಾಯ್" ಎನ್ನುವುದರ ಬದಲು "ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗ ಮಾತ್ರ ಎಕ್ಸಿಲರೇಟರ್ ಹಿಂದಕ್ಕೆ ಬರುತ್ತಿಲ್ಲ, ಕೇಬಲ್ ನೋಡಿ" ಎಂದು ಹೇಳಿ ನೋಡಿ. ಗಾಡಿಯ ವಿಷಯ ಗಂಡಸರಿಗೇ ಗೊತ್ತು ಎಂಬ ಭಾವನೆಯಿಂದ ಎಷ್ಟೋ ಸಹೋದರಿಯರು ತಮಗೆ ಕೈಯಲ್ಲೇ ತಿಳಿದ ದೋಷವನ್ನೂ ಹೇಳದೆ ಸುಮ್ಮನಿರುತ್ತಾರೆ. ದಿನವೂ ಆ ಹಿಡಿ ಹಿಡಿಯುವವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಮಾಡಬಾರದ್ದು

ಕೇಬಲ್‌ಗೆ ಅಡುಗೆಮನೆಯ ಕೊಬ್ಬರಿ ಎಣ್ಣೆ ಬಿಡಬೇಡಿ. ಅದು ಚಳಿಗೆ ಗಟ್ಟಿಯಾಗುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಂತಿಯ ಒಂದು ಎಳೆ ಬಿಟ್ಟುಕೊಂಡಿದ್ದರೂ ಎಣ್ಣೆಯಿಂದ ಪ್ರಯೋಜನವಿಲ್ಲ, ಕೇಬಲ್ ಬದಲಿಸಲೇಬೇಕು. ಶಿವಾಜಿನಗರದ ಗುಜರಿಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಅಗ್ಗಕ್ಕೆ ಸಿಗುತ್ತವೆ ನಿಜ. ಆದರೆ ಕೇಬಲ್ ಮಾತ್ರ ಹೊಸದೇ ಇರಲಿ, ನಿಮ್ಮ ಮಾಡೆಲ್‌ನದೇ ಇರಲಿ. ಸ್ಕೂಟರ್‌ನ ಅಗ್ಗದ ಭಾಗಗಳಲ್ಲಿ ಅದೂ ಒಂದು.

ದಾರಿಯಲ್ಲೇ ಸಿಕ್ಕಿಕೊಂಡರೆ?

ಕಾಲು ನೆಲಕ್ಕೆ ಊರಿ ನಿಲ್ಲಿಸಲು ಹೋಗಬೇಡಿ, ಕಾಲು ಮುರಿಯಬಹುದು. ಮೊದಲು ಎರಡೂ ಬ್ರೇಕ್ ಹಿಡಿಯಿರಿ. ಎಡಗೈ ಬ್ರೇಕ್ ಬಿಡದೆ, ಬಲಗೈಯಿಂದ ಕೀಯನ್ನು ಆಫ್ ಮಾಡಿ. ಹ್ಯಾಂಡಲ್ ಲಾಕ್ ಆಗುವಷ್ಟು ತಿರುಗಿಸಬೇಡಿ. ಕೆಲವು ಸ್ಕೂಟರ್‌ಗಳಲ್ಲಿ ಬಲ ಹೆಬ್ಬೆರಳಿನ ಬಳಿಯೇ ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್ ಇರುತ್ತದೆ. ಗಾಡಿ ನಿಂತಿರುವಾಗಲೇ ಇದನ್ನು ಹತ್ತು ಸಲ ಅಭ್ಯಾಸ ಮಾಡಿಕೊಳ್ಳಿ. ಗಾಬರಿಯ ಗಳಿಗೆಯಲ್ಲಿ ನೆನಪಿಗಿಂತ ಕೈಯ ಅಭ್ಯಾಸವೇ ನೆರವಿಗೆ ಬರುವುದು.

ಇನ್ನೊಂದು ಮುಖ್ಯ ಮಾತು. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಓಡಿಸುವುದು ನಮ್ಮಲ್ಲಿ ಸಾಮಾನ್ಯ. ನಾವು ಬ್ಯಾಗ್ ಎತ್ತಿಕೊಳ್ಳುವಷ್ಟರಲ್ಲಿ ಆ ಪುಟ್ಟ ಕೈ ಎಕ್ಸಿಲರೇಟರ್ ತಿರುಗಿಸಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ. ಸಿಕ್ಕಿಕೊಳ್ಳುವ ಕೇಬಲ್ ಆಗಿದ್ದರಂತೂ ಮಗು ಕೈ ಬಿಟ್ಟರೂ ಅದು ನಿಲ್ಲುವುದಿಲ್ಲ. 9 ತಿಂಗಳಿನಿಂದ 4 ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಬೆಲ್ಟ್ ಮತ್ತು ಹೆಲ್ಮೆಟ್ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ಕೇಂದ್ರ ಸರಕಾರ ನಿಯಮ ಹೊರಡಿಸಿದೆ. ಮಗುವಿನ ಜಾಗ ಹಿಂಬದಿ ಸೀಟು. ನಿಂತ ಕೂಡಲೇ ಕೀ ಆಫ್ ಮಾಡುವುದು ತಾಯಿಯ ಅಭ್ಯಾಸವಾಗಲಿ.

ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಕೇಬಲ್ ನೋಡಿಸಿ. ಪ್ರತಿದಿನ ಹೊರಡುವ ಮುನ್ನ ಒಂದು ಸಲ ಹಿಡಿ ತಿರುಗಿಸಿ ಬಿಡಿ. 'ಟಕ್' ಎಂಬ ಆ ಸದ್ದು ಕೇಳಿಸಿದರೆ ಹೊರಡಿ. ಕೇಳಿಸದಿದ್ದರೆ ಅಂದು ಆಟೋದಲ್ಲಿ ಹೋಗಿ. ತಡವಾದರೆ ಶಾಲೆಯಲ್ಲಿ ಒಂದು ಮಾತು ಕೇಳಬೇಕಾದೀತು, ಅಷ್ಟೇ.