ಬಾಟಲಿ ನಮ್ಮದು, ಎಲೆ ನಿಮ್ಮದು

ಅಕ್ಕ ಮೂರು ಹೋಟೆಲುಗಳಿಗೆ ಫೋನು ಮಾಡಿ ಮುಗಿಸಿದ್ದಳು. ಮೂರೂ ಕಡೆ ಒಂದೇ ಉತ್ತರ: ಟೇಬಲ್ ಇದೆ, ಬಾಟಲಿ ತರುವ ಹಾಗಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ 1999ರ ಶಿರಾಜ್ ವೈನ್ ಬಾಟಲಿ ಕೂತಿತ್ತು. ಅದು ಅಕ್ಕ-ಭಾವನ ಮದುವೆಯ ವರ್ಷದ್ದು. ಮೆಲ್ಬರ್ನ್‌ಗೆ ಬಂದ ಹೊಸತರಲ್ಲಿ ಕೊಂಡು, 25ನೇ ವರ್ಷಕ್ಕೆ ತೆಗೆಯೋಣ ಎಂದು ಬೀರುವಿನ ತಳದಲ್ಲಿ ಮಲಗಿಸಿಟ್ಟದ್ದು.

"ಮನೇಲೇ ತೆಗೆದ್ರೆ ಆಯ್ತಲ್ಲ ಭಾವ" ಎಂದೆ.

"ಇವತ್ತೂ ನಿಮ್ಮಕ್ಕ ಸೌಟು ಹಿಡೀಬೇಕಾ?" ಎಂದರು.

ಗಿರಾಕಿ ತನ್ನ ವೈನನ್ನು ತಾನೇ ತಂದು ಹೋಟೆಲಿನಲ್ಲಿ ಕುಡಿಯುವ ಪದ್ಧತಿಗೆ ಆಸ್ಟ್ರೇಲಿಯಾದಲ್ಲಿ ಬಿ.ವೈ.ಓ. ಎಂದು ಹೆಸರು. 'ನಿಮ್ಮದನ್ನು ನೀವೇ ತನ್ನಿ' ಎಂಬುದರ ಮೂರಕ್ಷರ ಅದು. ಊಟ ಹೋಟೆಲಿನದು, ಬಾಟಲಿ ನಮ್ಮದು. ಬಾಟಲಿ ತೆಗೆದು, ಗ್ಲಾಸು ಕೊಟ್ಟು, ತೊಳೆದಿಡುವುದಕ್ಕೆ ಅವರು ಪಡೆಯುವ ಹಣವೇ ಕಾರ್ಕೇಜ್, ಅಂದರೆ ಬಿರಡೆ ಕೂಲಿ. ಜಾತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಯಾರದೋ ಜಗಲಿಯಲ್ಲಿ ಕೂತು ಬಿಚ್ಚಿ ಬೆಳೆದ ನನಗೆ ಈ ಏರ್ಪಾಡು ಕೇಳಿದ ಕೂಡಲೇ ಹಿಡಿಸಿತು.

ಆದರೆ ನಾನು ಬರೆಯಹೊರಟದ್ದು ಅಕ್ಕನ ಪಕ್ಕದ ಮನೆಯ ಅಜ್ಜನ ಬಗ್ಗೆ. ಅಕ್ಕನ ಮಕ್ಕಳು ಅವರನ್ನು ನೋನೊ ಎನ್ನುತ್ತಾರೆ. ಇಟಲಿಯವರ ಮಾತಿನಲ್ಲಿ ಹಾಗೆಂದರೆ ತಾತ. ಎಳೆ ಹುಡುಗನಾಗಿದ್ದಾಗ ಹಡಗಿನಲ್ಲಿ ಬಂದಿಳಿದವರು. ಕಾರ್ಲ್ಟನ್ ಬಡಾವಣೆಯ ಲೈಗನ್ ಸ್ಟ್ರೀಟ್ ಸುತ್ತಮುತ್ತ ನಲವತ್ತು ವರ್ಷ ಸಪ್ಲೈಯರ್ ಕೆಲಸ ಮಾಡಿದವರು. ಅವರ ಮನೆಯ ಕಿಟಕಿಯಲ್ಲಿ ಉಪ್ಪಿನಕಾಯಿ ಜಾಡಿಯಷ್ಟು ದೊಡ್ಡದೊಂದು ಗಾಜಿನ ಭರಣಿಯಿದೆ. ಅದರ ತುಂಬ ಬಿರಡೆಗಳು. ಒಂದೊಂದರ ಮೇಲೂ ಶಾಯಿಯಲ್ಲಿ ತಾರೀಕು, ಪಕ್ಕದಲ್ಲಿ ಒಂದೆರಡು ಪದ: ಹೆರಿಗೆ, ನಿವೃತ್ತಿ, ಮನೆ ಕೊಂಡದ್ದು, ಒಂದರ ಮೇಲೆ ಬರೀ 'ಅತ್ತರು'. ಗಿರಾಕಿಗಳು ತಂದ ಬಾಟಲಿಗಳಿಂದ ಅವರೇ ತೆಗೆದವು. ಹೋಟೆಲಿನ ಬಾಟಲಿಯ ಬಿರಡೆಯನ್ನು ಅವರು ಎತ್ತಿಡುತ್ತಿರಲಿಲ್ಲ. ಅಂಗಡಿಯದು ವ್ಯಾಪಾರ, ಮನೆಯಿಂದ ಬಂದದ್ದರ ಹಿಂದೆ ಏನೋ ಇರುತ್ತದೆ ಎಂಬುದು ಅವರ ಲೆಕ್ಕ.

ಗಿರಾಕಿ ಕಂದು ಕಾಗದದ ಚೀಲದಲ್ಲಿ ಅಗ್ಗದ ವೈನ್ ತಂದು ಸಂಕೋಚದಿಂದ ಮೇಜಿನ ಕೆಳಗಿಟ್ಟರೂ ನೋನೊ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದರಂತೆ. ಲೇಬಲ್ಲನ್ನು ತಂದವರ ಕಡೆಗೇ ತಿರುಗಿಸಿ ತೋರಿಸಿ, ಕತ್ತು ಒರೆಸಿ, ತಿರುಪನ್ನು ನಿಧಾನವಾಗಿ ಇಳಿಸಿ, ಸದ್ದಾಗದಂತೆ ಬಿರಡೆ ಎಳೆಯುವುದು. ಮೊದಲ ಗುಟುಕು ತಂದವರಿಗೆ. ನನಗೆ ಇದನ್ನೆಲ್ಲ ಖಾಲಿ ಬಾಟಲಿ ಹಿಡಿದು ಮಾಡಿ ತೋರಿಸಿದರು. ಎಂಬತ್ತು ದಾಟಿದ ಆ ಕೈ ತುಸುವೂ ನಡುಗಲಿಲ್ಲ.

ಹಿಂದಿನ ಕಥೆಯೂ ಅವರ ಬಾಯಿಂದಲೇ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಹೆಂಡದಂಗಡಿಗಳೆಲ್ಲ ಸಂಜೆ ಆರಕ್ಕೆ ಬಾಗಿಲು ಹಾಕಬೇಕೆಂಬ ಕಾನೂನು ಬಂತು. ಐದಕ್ಕೆ ಕೆಲಸ ಬಿಟ್ಟವರು ಒಂದೇ ಗಂಟೆಯಲ್ಲಿ ಎಷ್ಟಾಗುತ್ತದೋ ಅಷ್ಟು ಸುರಿದುಕೊಳ್ಳುತ್ತಿದ್ದರು. ಜನ ಅದಕ್ಕಿಟ್ಟ ಹೆಸರಿನ ನೇರ ಅರ್ಥ 'ಆರು ಗಂಟೆಯ ಕಲಗಚ್ಚು'. ಒಲಿಂಪಿಕ್ಸ್ ನಡೆದ 1956ರಲ್ಲಿ ಜನಮತ ಕೇಳಿದಾಗಲೂ ಆರೇ ಇರಲಿ ಎಂದಿತು ಬಹುಮತ. ಅದು ಹತ್ತಾದದ್ದು 1966ರ ಫೆಬ್ರುವರಿ 1ರಂದು.

ವೈನ್ ಇಲ್ಲದ ಊಟವೇ ಗೊತ್ತಿಲ್ಲದ ಇಟಲಿಯವರು, ಗ್ರೀಕರು ಎರಡನೇ ಮಹಾಯುದ್ಧದ ಬಳಿಕ ಬಂದು ತುಂಬಿಕೊಂಡದ್ದು ಇಂಥ ಊರಿಗೆ. ಕದ್ದುಮುಚ್ಚಿ ಕಾಫಿ ಕಪ್ಪಿನಲ್ಲಿ ವೈನ್ ಕೊಡುತ್ತಿದ್ದ ದಿನಗಳನ್ನು ನೋನೊ ತಗ್ಗಿದ ದನಿಯಲ್ಲೇ ಹೇಳಿದರು, ಪೊಲೀಸರು ಈಗಲೂ ಕಿಟಕಿಯಾಚೆ ನಿಂತಿದ್ದಾರೇನೋ ಎಂಬಂತೆ. ಅರವತ್ತರ ದಶಕದಲ್ಲಿ ಫಿಲಿಪ್ಸ್ ಆಯೋಗ ಮದ್ಯದ ಕಾನೂನುಗಳನ್ನು ಪರಿಶೀಲಿಸಿದ ಮೇಲೆ ಬಿ.ವೈ.ಓ. ಪರವಾನಗಿ ಬಂತು. ಮದ್ಯ ಮಾರುವ ಪೂರ್ತಿ ಲೈಸೆನ್ಸು ಕೈಗೆಟುಕದ ಬಡ ಕುಟುಂಬ ನಾಲ್ಕು ಮೇಜು ಹಾಕಿ ಹೋಟೆಲು ತೆರೆಯುವಂತಾಯಿತು. 1975ರ ನಂತರ ಬಂದ ವಿಯೆಟ್ನಾಮಿನವರು ವಿಕ್ಟೋರಿಯಾ ಸ್ಟ್ರೀಟಿನಲ್ಲಿ ನೆಲೆಯೂರಿದರು. ಲೆಬನಾನಿನಿಂದ ಬಂದ ಅಬ್ಲಾ ಅಮದ್ 1979ರಲ್ಲಿ ಕಾರ್ಲ್ಟನ್ನಿನ ಎಲ್ಗಿನ್ ಸ್ಟ್ರೀಟಿನಲ್ಲಿ ತಮ್ಮ ಮನೆಯಡುಗೆಯನ್ನೇ ಬಡಿಸುವ ಹೋಟೆಲು ತೆರೆದರು. ಈ ನಗರದ ನಾಲಿಗೆಗೆ ಲೋಕದ ರುಚಿ ಹತ್ತಿಸಿದ್ದರಲ್ಲಿ ಆ ಮೂರಕ್ಷರದ ಪಾಲು ದೊಡ್ಡದೆಂದೇ ನಾನು ನಂಬಿದ್ದೇನೆ.

ಈಗ ಬಿ.ವೈ.ಓ. ಹೋಟೆಲು ಹುಡುಕುವವರು ಬೋರ್ಡು ನೋಡಿ ಸುಮ್ಮನಾಗಬಾರದು, ಫೋನು ಮಾಡಿ ಕೇಳಬೇಕು. ಬಿರಡೆ ಕೂಲಿ ತಲೆಗೋ, ಬಾಟಲಿಗೋ? ಎಲ್ಲ ದಿನವೋ, ಗಿರಾಕಿ ಕಡಿಮೆಯಿರುವ ಸೋಮವಾರ, ಮಂಗಳವಾರ ಮಾತ್ರವೋ? ಬಹಳ ಕಡೆ ವೈನ್ ಮಾತ್ರ, ಬಿಯರು, ವಿಸ್ಕಿ ನಡೆಯುವುದಿಲ್ಲ. ಹೋಟೆಲಿನ ಪಟ್ಟಿಯಲ್ಲಿರುವ ವೈನನ್ನೇ ಹೊರಗಿಂದ ಒಯ್ಯುವುದು ಮರ್ಯಾದೆಯಲ್ಲ. ವಿಶೇಷದ್ದಾದರೆ ಅಡುಗೆಯವರಿಗೂ ಒಂದು ಗುಟುಕು ಕಳಿಸುವುದು ಚೆಂದ.

ಪದ್ಧತಿ ಸೊರಗಿದ್ದಕ್ಕೆ ಯಾರನ್ನು ದೂರುವುದು? 1986ರ ನ್ಯೂವೆನ್‌ಹೌಸನ್ ವರದಿಯ ನಂತರ ಪೂರ್ತಿ ಲೈಸೆನ್ಸು ಸಲೀಸಾಯಿತು. ಬಾಡಿಗೆ, ಸಂಬಳ ಏರಿದ ಮೇಲೆ ಹೋಟೆಲಿನವರಿಗೆ ನಾಲ್ಕು ಕಾಸು ಉಳಿಯುವುದು ಮದ್ಯದಲ್ಲೇ. ಅವರ ಕಷ್ಟ ಸುಳ್ಳಲ್ಲ. ಆದರೂ ವಾರಕ್ಕೊಂದು ದಿನವಾದರೂ ಬಾಗಿಲು ತೆರೆದಿಡಲಿ ಎಂದು ಆಸೆಯಾಗುತ್ತದೆ. ಬಿರಡೆಯೂ ಮರೆಯಾಗುತ್ತಿದೆ. 2000ದಲ್ಲಿ ಕ್ಲೇರ್ ಕಣಿವೆಯ ವೈನ್ ತಯಾರಕರು ರೀಸ್ಲಿಂಗಿಗೆ ತಿರುಪಿನ ಮುಚ್ಚಳ ಹಾಕಿದರು, ಮಿಕ್ಕವರು ಹಿಂಬಾಲಿಸಿದರು. ನೋನೊ ಅವರ ಭರಣಿ ಕತ್ತಿನ ತನಕ ಬಂದು ಅಲ್ಲೇ ನಿಂತಿದೆ.

ನಾಲ್ಕನೇ ಫೋನಿಗೆ ವಿಯೆಟ್ನಾಮಿನವರ ಚಿಕ್ಕ ಹೋಟೆಲೊಂದು ಒಪ್ಪಿತು. ತಲೆಗೆ ಮೂರು ಡಾಲರು. ನೋನೊ ಅವರನ್ನೂ ಕರೆದುಕೊಂಡು ಹೋದೆವು. ಅವರು ಕೋಟಿನ ಜೇಬಿನಲ್ಲಿ ತಮ್ಮ ಹಳೆಯ ತಿರುಪು ತಂದಿದ್ದರು. ಬಡಿಸುವ ಹುಡುಗಿ ನಕ್ಕು ಬಾಟಲಿಯನ್ನು ಅವರ ಕೈಗೇ ಕೊಟ್ಟಳು. ಇಪ್ಪತ್ತೈದು ವರ್ಷ ಮಲಗಿದ್ದ ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧ ಪುಡಿಯಾಗಿ ಒಳಗೆ ಬಿತ್ತು. ಅಕ್ಕನ ಮುಖ ಸಣ್ಣದಾಯಿತು. ಹುಡುಗಿ ಒಳಗೋಡಿ ಚಹಾ ಸೋಸುವ ಜಾಲರಿ ತಂದಳು. ನೋನೊ ನಾಲ್ಕು ದಪ್ಪ ಗ್ಲಾಸುಗಳಿಗೂ ಸೋಸಿ ಬಗ್ಗಿಸಿದರು, ಮೊದಲು ಅಕ್ಕನಿಗೆ, ಆಮೇಲೆ ಭಾವನಿಗೆ. ಐದನೆಯದನ್ನು ತರಿಸಿ ಹುಡುಗಿಯ ಕೈಯಲ್ಲಿ ಅಡುಗೆಮನೆಗೆ ಕಳಿಸಿದರು.

ಬಿಲ್ಲು ಬರುವ ಹೊತ್ತಿಗೆ ಅವರು ಕನ್ನಡಕ ಏರಿಸಿ, ಆ ಅರ್ಧ ಬಿರಡೆಯನ್ನು ಬೆರಳಲ್ಲಿ ತಿರುಗಿಸುತ್ತ ತಾರೀಕು ಬರೆಯುತ್ತಿದ್ದರು. ಪದಕ್ಕೆ ಜಾಗ ಉಳಿಯಲಿಲ್ಲ.